ಮುದಕಪ್ಪ ಕಳಿಸಿದ ಮೆಸೇಜು

ನಗು ಬಂದರೆ ನಗಿರಿ, ನಾನು ಬೇಡ ಅನ್ನುವುದಿಲ್ಲ. ನೀಲವ್ವನ ಎದುರಿಗೆ ಮಾತ್ರ ನಗಬೇಡಿ.

ಗಜೇಂದ್ರಗಡದ ಪೇಟೆಯ ಹಿಂದಿನ ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ನೀಲವ್ವ ಅಂತ ಒಬ್ಬಾಕೆ ಇದ್ದಳು. ಅವಳಿಗೆ ಇಬ್ಬರು ಮಕ್ಕಳು, ಹಿರಿಯಳು ಕಸ್ತೂರಿ, ಕಿರಿಯವನು ಮುದಕಪ್ಪ. ಮಗಳು ಜಾಣೆ, ಮಗ ಪೆದ್ದ. ಜಾಣೆ ಮನೆ ಬಿಟ್ಟು ಹೋದಳು, ಪೆದ್ದ ಮನೆಯಲ್ಲೇ ಉಳಿದ.

ಪೆದ್ದ ಅಂದರೆ ಅಂಥಿಂಥ ಪೆದ್ದನಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ. ಅಂಗಡಿಗೆ ಹೋಗಿ ಬೆಲ್ಲ ಇದೆಯಾ ಕೇಳಿಕೊಂಡು ಬಾ ಅಂದರೆ ಕೇಳಿಕೊಂಡು ಬರುವವನು. ಬೆಲ್ಲ ಎಲ್ಲಿ ಅಂದರೆ, "ಐತಂತ ಯವ್ವಾ" ಅನ್ನುವವನು. "ದೇವ್ರು ಎಲ್ಲಾ ಕೊಟ್ಟು ಬುದ್ಧಿ ಕೊಡೂದ ಮರತಾನ" ಅಂತ ನೀಲವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಮಗನಿಗೆ ಮೂವತ್ತು ದಾಟಿತು, ಬುದ್ಧಿ ಮಾತ್ರ ಹತ್ತಿರ ಸುಳಿಯಲಿಲ್ಲ.

ಇನ್ನು ಜಾಣೆಯ ಕತೆ. ಮಗ್ಗ ರಿಪೇರಿಗೆ ಬರುತ್ತಿದ್ದ ಹುಡುಗನೊಬ್ಬನನ್ನು ಮೆಚ್ಚಿ ಕಸ್ತೂರಿ ಮದುವೆಯಾದಳು. ಅವನ ಜಾತಿ ಬೇರೆ. ನೀಲವ್ವ ಸಿಟ್ಟಿನ ಭರದಲ್ಲಿ ಮಗಳಿಗೆ, "ಇನ್ನ ಮ್ಯಾಲ ನಿನ್ನ ಮಾರಿ ತೋರಸಬ್ಯಾಡ" ಅಂದುಬಿಟ್ಟಳು. ಕಸ್ತೂರಿ ಗಂಡನ ಜೊತೆ ಮಗ್ಗಗಳ ದೊಡ್ಡ ಊರು ಇಚಲಕರಂಜಿಗೆ ಹೋದಳು, ಮುಖ ತೋರಿಸಲಿಲ್ಲ. ಒಂದು ಫೋನು ಕೂಡ ಮಾಡಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವರು ಆ ಮನೆಯಲ್ಲಿ ಒಬ್ಬರಲ್ಲ, ಇಬ್ಬರು ಅಂತ ನೀಲವ್ವನಿಗೆ ತಿಳಿಯುವಷ್ಟರಲ್ಲಿ ವರ್ಷಗಳು ಕಳೆದಿದ್ದವು. ತಾನೇ ಮಾತಾಡೋಣವೆಂದರೆ ಮಗಳ ನಂಬರಿಲ್ಲ, ಅವರಿವರ ಹತ್ತಿರ ಕೇಳೋಣವೆಂದರೆ ನಾಲಿಗೆ ಏಳುವುದಿಲ್ಲ. ಮಗಳು ಒಮ್ಮೆ ಬರಲಿ, ಅದೊಂದೇ ಅವಳ ಆಸೆ. ಆಡದೇ ಇಟ್ಟುಕೊಂಡ ಆಸೆ ಒಳಗೊಳಗೇ ಅವಳನ್ನು ತಿನ್ನುತ್ತಿತ್ತು.

ಮುದಕಪ್ಪನಿಗೆ ಒಂದು ವಿದ್ಯೆ ಮಾತ್ರ ಒಲಿದಿತ್ತು. ಟೈಪು ಮಾಡುವುದು. ಕನ್ನಡ ಕೊಡಿ, ಇಂಗ್ಲಿಷ್ ಕೊಡಿ, ಅರ್ಥ ತಿಳಿಯಲಿ ಬಿಡಲಿ, ಟಕಟಕ ಟಕಟಕ, ಒಂದು ತಪ್ಪಿಲ್ಲ. ಬಸ್ ಸ್ಟ್ಯಾಂಡಿನ ಎದುರು ಕಳಕಪ್ಪ ಅನ್ನುವವರು ಒಂದು ಕೋಣೆ ಹಿಡಿದು ಅಂಗಡಿಕಾರರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದರು. ನೀಲವ್ವ ಮಗನನ್ನು ಕರೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದಳು.

"ಇವನ್ನ ಕೆಲಸಕ್ಕ ಇಟಗೋರಿ. ಹೇಳಿದ್ದು ಬಿಟ್ಟು ಬ್ಯಾರೆ ಮಾಡಾಂವ ಅಲ್ಲ."

ಅವಳು ಎಚ್ಚರಿಕೆ ಕೊಟ್ಟಿದ್ದಳು. ಕಳಕಪ್ಪ ಅದನ್ನು ಹೊಗಳಿಕೆ ಅಂತ ತಿಳಿದರು. "ಅಂಥಾವನ ಬೇಕಾಗಿತ್ತಬೇ ನನಗ. ನಾಳಿಂದ ಬರಲಿ."

ಆ ಕಸುಬು ಹೇಗೆಂದರೆ, ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಒತ್ತುವ ಗುಂಡಿಗೊಂದು, ಫೋಟೋ ಸರಿಯುವುದಕ್ಕೊಂದು, ಗಿರಾಕಿಗಳು ಹೆಸರು ನಂಬರು ಬರೆಯುವ ಚೌಕಕ್ಕೊಂದು ಕೋಡಿನ ತುಣುಕನ್ನು ಯಾವ ದೇಶದವನೋ ಬರೆದು ನೆಟ್ಟಿನಲ್ಲಿ ಇಟ್ಟಿರುತ್ತಾನೆ. ಬೇಕಾದವರು ಎತ್ತಿಕೊಂಡು ತಮ್ಮದರಲ್ಲಿ ಹಾಕಿಕೊಳ್ಳಬೇಕು. ಪಕ್ಕದ ಮನೆಯಿಂದ ಹೆಪ್ಪಿಗೆ ಮೊಸರು ತಂದ ಹಾಗೆ. ಹೆಪ್ಪು ಅವರದು, ಹಾಲು ನಮ್ಮದು.

ಸಿದ್ರಾಮಪ್ಪನವರ ಸೀರೆ ಅಂಗಡಿಯ ಕೆಲಸ ಬಂದಿತ್ತು. ಕಳಕಪ್ಪ ಒಂದು ತುಣುಕು ತೋರಿಸಿ, "ಇದು ಹೆಂಗೈತೋ ಹಂಗ ಹಾಕು. ಒಂದಕ್ಷರ ಆಕಡೆ ಈಕಡೆ ಆಗಬಾರದು" ಅಂದರು. ಹೂಂ ಅಂದ ಮುದಕಪ್ಪ. ತಲೆಯಲ್ಲಿ ಇಟ್ಟುಕೊಂಡ. ಹೇಗಿತ್ತೋ ಹಾಗೇ ಹಾಕಿದ.

ಮರುದಿನ ಸಿದ್ರಾಮಪ್ಪ ಧೋತರದ ಚುಂಗು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ಕಳಕಪ್ಪಾ, ನಮ್ಮ ಅಂಗಡಿಗೆ ನಮ್ಮಪ್ಪ ಇಟ್ಟ ಹೆಸರೊಂದೈತಿ. ನೀ ಅದನ್ನ ಬಿಟ್ಟು ಇಂಗ್ಲಿಷ್‌ನಾಗ ‘ನಿಮ್ಮ ಅಂಗಡಿಯ ಹೆಸರು ಇಲ್ಲಿ ಬರೆಯಿರಿ’ ಅಂತ ಹೆಸರಿಟ್ಟೀಯಲ್ಲ. ಅದರಾಗಿನ ನಂಬರಿಗೆ ಹಚ್ಚಿದ್ರ ಯಾರೋ ಪರದೇಶದಾಕಿ ಇಂಗ್ಲಿಷ್‌ನಾಗ ಬೈತಾಳ. ಆಕಿದು ಕೇಕಿನ ಅಂಗಡಿ ಅಂತ."

ಕಳಕಪ್ಪ ಮುದಕಪ್ಪನ ಕಡೆ ತಿರುಗಿದರು.

"ನೀವ ಹೇಳಿದಂಗ ಮಾಡೀನ್ರಿ" ಅಂದ ಮುದಕಪ್ಪ.

"ಏ ಪೆದ್ದಾ, ಅದರಾಗ ಮಂದೀದು ಏನೇನೈತೋ ಅದನ್ನ ತಗದು ನಮ್ಮದು ಹಾಕಬೇಕೋ."

"ಹೂನ್ರಿ. ಮಂದೀದು ತಗದು ನಮ್ಮದು ಹಾಕತೀನಿ."

ಮುಂದಿನ ತುಣುಕು ಬಂತು. ಮುದಕಪ್ಪ ಕೂತು ನೋಡಿದ. ಇಡೀ ಇಂಗ್ಲಿಷು. ಇದೆಲ್ಲ ಮಂದೀದೇ ಅಲ್ಲವೇ? ಒಂದೊಂದೇ ತೆಗೆದ, ಡಿಕ್ಷನರಿ ನೋಡಿ ಒಂದೊಂದೇ ನಮ್ಮದು ಹಾಕಿದ. ‘ಇಫ್’ ಅಂತ ಇದ್ದಲ್ಲಿ ‘ಒಂದ ವ್ಯಾಳೆ’ ಅಂತ ಬರೆದ. ‘ಎಲ್ಸ್’ ಅಂತ ಇದ್ದಲ್ಲಿ ‘ಇಲ್ಲಾಂದ್ರ’ ಅಂತ ಬರೆದ. ‘ರಿಟರ್ನ್’ ಅಂತ ಇದ್ದಲ್ಲೆಲ್ಲ ‘ಹೊಳ್ಳಿ ಬಾ’ ಅಂತ ಬರೆದ. ಸಂಜೆ ಹೊತ್ತಿಗೆ ಸಿದ್ರಾಮಪ್ಪನವರ ವೆಬ್‌ಸೈಟು ತೆರೆದರೆ ಸೀರೆಯಿಲ್ಲ, ಅಂಗಡಿಯಿಲ್ಲ, ಬರೀ ಬಿಳಿ.

ಕಳಕಪ್ಪ ನೀಲವ್ವನ ಮನೆಗೇ ಬಂದು ದೂರು ಕೊಟ್ಟರು. ಅವಳು ಕೈಗಂಟಿದ ಹಿಟ್ಟು ತಿಕ್ಕುತ್ತ ಎಲ್ಲ ಕೇಳಿಸಿಕೊಂಡಳು. ಕೊನೆಗೆ, "ಏನಂತ ಬರದಿದ್ನಂತ್ರಿ?" ಅಂತ ಇನ್ನೊಂದು ಸಲ ಕೇಳಿದಳು.

"ಹೊಳ್ಳಿ ಬಾ, ಹೊಳ್ಳಿ ಬಾ, ಹೊಳ್ಳಿ ಬಾ. ಪುಟದ ತುಂಬ ಅದ."

ನೀಲವ್ವ ಮಗನನ್ನು ಬಯ್ಯಬೇಕಾಗಿತ್ತು. ಆದರೆ ಆ ಮಾತಿನಲ್ಲೇ ಸಿಕ್ಕಿಕೊಂಡು ಬಯ್ಯುವುದು ಮರೆತಳು. ಕಳಕಪ್ಪನವರೇ ಬಯ್ದು ಹೊಸ ಬುದ್ಧಿ ಹೇಳಿದರು. "ನೋಡಪಾ, ಯಾವುದು ತನ್ನಷ್ಟಕ್ಕ ತಾ ನಡದೈತೋ ಅದನ್ನ ಮುಟ್ಟಾಕ ಹೋಗಬ್ಯಾಡ. ನಡದೈತೇನು? ಕೈ ಕಟಗೊಂಡು ಕೂಡು."

ಹೂಂ ಅಂದ ಮುದಕಪ್ಪ. ತಲೆಯಲ್ಲಿ ಇಟ್ಟುಕೊಂಡ.

ಆ ಐತವಾರ ನೀಲವ್ವ ಮಾಳಿಗೆಯ ಮೇಲೆ ಬಿಳಿ ಪಂಚೆ ಹಾಸಿ ಖಡಕ್ ರೊಟ್ಟಿ ಒಣಗಿಸಲು ಇಟ್ಟಿದ್ದಳು. ಟ್ಯಾಂಕಿಗೆ ನೀರಿನ ಮೋಟಾರು ಹಚ್ಚಿ, "ನಾ ಜ್ವಾಳ ಬೀಸಿಕೊಂಡು ಬರತೀನಿ, ಇಲ್ಲೇ ಇರು" ಅಂತ ಮಗನಿಗೆ ಹೇಳಿ ಗಿರಣಿಗೆ ಹೋದಳು. ಟ್ಯಾಂಕು ತುಂಬಿತು. ಉಕ್ಕಿತು. ನೀರು ಮಾಳಿಗೆಯ ತುಂಬ ಹರಿಯಿತು. ಅವಳು ತಿರುಗಿ ಬರುವಷ್ಟರಲ್ಲಿ ರೊಟ್ಟಿಯೆಲ್ಲ ಅಂಬಲಿಯಾಗಿತ್ತು, ಮಗ ಕೈ ಕಟ್ಟಿಕೊಂಡು ಮೋಟಾರಿನ ಎದುರು ಕೂತಿದ್ದ.

"ಯಾಕೋ ಬಂದ್ ಮಾಡಲಿಲ್ಲ?"

"ನಡದಿತ್ತಲ್ಲ ಯವ್ವಾ. ನಡದದ್ದನ್ನ ಮುಟ್ಟಬಾರದು."

ಅಷ್ಟರಲ್ಲಿ ಕಳಕಪ್ಪನವರಿಗೇ ಒಂದು ಕಂಟಕ ಬಂತು. ಅವರ ಕಸುಬಿನಲ್ಲಿ ವೆಬ್‌ಸೈಟ್ ಕಟ್ಟುವ ಟೂಲುಗಳು ಬೇಗ ಮುದಿಯಾಗುತ್ತವೆ. ಇವತ್ತು ಕಲಿತದ್ದು ನಾಡಿದ್ದಿಗೆ ಹಳೆಯದು. ಸೀರೆ ಅಂಗಡಿಯ ವೆಬ್‌ಸೈಟ್ ಯಾವ ಟೂಲಿನ ಮೇಲೆ ನಿಂತಿತ್ತೋ, ಅದನ್ನು ಮಾಡಿದವರು ಇನ್ನು ಮುಂದೆ ಇದನ್ನು ನಾವು ನೋಡಿಕೊಳ್ಳುವುದಿಲ್ಲ ಅಂತ ಕೈಬಿಟ್ಟರು. ಕಳಕಪ್ಪ ನಿಟ್ಟುಸಿರು ಬಿಟ್ಟು ಮುದಕಪ್ಪನಿಗೆ ಹೇಳಿದರು. "ಹಳೇದರ ಮ್ಯಾಲ ಮಾಯಾ ಇಟಗೋಬಾರದಪಾ. ಎಷ್ಟ ಚಲೋ ಇರಲಿ, ಹಳೇದು ತಗಿ, ಹೊಸಾದು ಹಾಕು."

ಮುದಕಪ್ಪ ಹಾಗೇ ಮಾಡಿದ. ಅದೇನು ಪವಾಡವೋ, ಆ ಸಲ ಸರಿಯಾಯಿತು. ಕಳಕಪ್ಪ ಬೆನ್ನು ತಟ್ಟಿದರು. ಜೀವನದಲ್ಲಿ ಮೊದಲ ಸಲ ಒಬ್ಬರು ಬೆನ್ನು ತಟ್ಟಿದ್ದು. ಮುದಕಪ್ಪ ಉಬ್ಬಿಹೋಗಿ ಮನೆಗೆ ಬಂದ. ಓಣಿಯಲ್ಲಿ ಹಳೆ ಪಾತ್ರೆಗೆ ಹೊಸ ಪಾತ್ರೆ ಕೊಡುವವನು ಕೂಗುತ್ತಿದ್ದ.

ನೀಲವ್ವನ ಅಡುಗೆಮನೆಯಲ್ಲಿ ಒಂದು ತಾಟು ಇತ್ತು. ಅಂಚಿಗೆ ‘ಕಸ್ತೂರಿ’ ಅಂತ ಹೆಸರು ಕೊರೆಸಿದ ಸ್ಟೀಲಿನ ತಾಟು. ತಳ ಸವೆದು, ಒಂದು ಕಡೆ ತಗ್ಗು ಬಿದ್ದಿತ್ತು. ದಿನಾ ಸಂಜೆ ಬಡಿದ ರೊಟ್ಟಿಯಲ್ಲಿ ಮೊದಲನೆಯದನ್ನು ನೀಲವ್ವ ಆ ತಾಟಿನಲ್ಲಿ ತೆಗೆದಿಡುತ್ತಿದ್ದಳು. ಮರುದಿನ ಅದನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ತಾನೇ ತಿನ್ನುತ್ತಿದ್ದಳು. ಯಾಕೆ ಅಂತ ಮುದಕಪ್ಪ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಆ ಸಂಜೆ ಮೊದಲ ರೊಟ್ಟಿ ಕೈಯಲ್ಲಿ ಹಿಡಿದು ನೀಲವ್ವ ಗೂಡಿಗೆ ಕೈ ಹಾಕಿದರೆ ಹೊಳೆಹೊಳೆಯುವ ಹೊಸ ತಾಟು ಸಿಕ್ಕಿತು.

"ಹಳೇದು ಕೊಟ್ಟು ಹೊಸಾದು ತಗೊಂಡೀನಿ ಯವ್ವಾ" ಅಂದ ಮಗ, ಬೆನ್ನು ತಟ್ಟಲಿ ಅಂತ ತಿರುಗಿ ನಿಂತ.

ನೀಲವ್ವ ಸೆರಗು ಸಿಕ್ಕಿಸಿಕೊಂಡು ಓಣಿಗೆ ಓಡಿದಳು. ಪೇಟೆಗೆ ಹೋದಳು, ಬಸ್ ಸ್ಟ್ಯಾಂಡಿಗೆ ಹೋದಳು. ಪಾತ್ರೆಯವನು ಆಗಲೇ ಬೇರೆ ಊರಿಗೆ ಹೋಗಿಯಾಗಿತ್ತು. ತಿರುಗಿ ಬಂದು ಒಲೆಯ ಮುಂದೆ ಕೂತು ಅತ್ತಳು. ಮಗಳು ಹೋದ ದಿನ ಕೂಡ ಅವಳು ಹಾಗೆ ಅತ್ತಿರಲಿಲ್ಲ. ಆಗ ಸಿಟ್ಟು ಇತ್ತು, ಈಗ ಅದೂ ಇರಲಿಲ್ಲ.

"ಅದು ನಿಮ್ಮಕ್ಕನ ತಾಟೋ. ಇವತ್ತ ಬಂದಾಳು, ನಾಳೆ ಬಂದಾಳು ಅಂತ ದಿನಾ ಆಕಿ ಹೆಸರಿಲೆ ಒಂದ ರೊಟ್ಟಿ ಇಡತಿದ್ದೆ."

"ನೀ ಹೇಳಿದ್ದಿಲ್ಲಲ್ಲ ಯವ್ವಾ" ಅಂದ ಮುದಕಪ್ಪ.

ಅದು ನಿಜ. ನೀಲವ್ವ ಕಣ್ಣು ಒರೆಸಿಕೊಂಡು, ಬಯ್ಯಲು ತ್ರಾಣವಿಲ್ಲದೆ, ಇದ್ದ ಬುದ್ಧಿಯನ್ನು ಮಗನಿಗೆ ಹೇಳಿದಳು. "ನೀ ಆದ್ರೂ ಮೊದಲ ಹೇಳಬೇಕಿಲ್ಲೋ. ಇನ್ನ ಮ್ಯಾಲ ಮನಸಿನಾಗ ಇದ್ದದ್ದನ್ನ ಮುಚ್ಚಿ ಇಡಬ್ಯಾಡ. ಬಾಯಿಬಿಟ್ಟು ಹೇಳು."

ಹೂಂ ಅಂದ ಮುದಕಪ್ಪ. ತಲೆಯಲ್ಲಿ ಇಟ್ಟುಕೊಂಡ.

ಪಂಚಮಿ ಹಬ್ಬ ಹತ್ತಿರ ಬಂತು. ನಮ್ಮ ಕಡೆ ಪಂಚಮಿ ಅಂದರೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಓಣಿಯ ಬೇವಿನ ಮರಕ್ಕೆ ಜೋಕಾಲಿ ಬಿತ್ತು, ಮನೆಮನೆಯಲ್ಲೂ ಉಂಡಿ ಕಟ್ಟುವ ಸಡಗರ. ನೀಲವ್ವ ಯಾರ ಮನೆಗೂ ಹೋಗದೆ ತನ್ನ ಒಲೆಯ ಮುಂದೆ ಕೂತಳು.

ಸಿದ್ರಾಮಪ್ಪನವರಿಗೆ ಮಾತ್ರ ಅದು ವ್ಯಾಪಾರದ ಹಬ್ಬ. ವೆಬ್‌ಸೈಟಿನಲ್ಲಿ ನಂಬರು ಬರೆದ ಗಿರಾಕಿಗಳಿಗೆಲ್ಲ ಒಂದೇ ಸಲಕ್ಕೆ ಮೆಸೇಜು ಹೋಗಬೇಕು ಅಂದರು. ಕಳಕಪ್ಪ ಅದಕ್ಕೊಂದು ಹೊಸ ಟೂಲು ತಂದು ಜೋಡಿಸಿ ಊಟಕ್ಕೆ ಎದ್ದರು. ಹೋಗುವಾಗ ಮುದಕಪ್ಪನಿಗೆ ಹೇಳಿದರು. "ಇದು ಹೋಕ್ಕೇತೋ ಇಲ್ಲೋ ಒಮ್ಮೆ ನೋಡು. ಪರೀಕ್ಷಾಕ್ಕ ಅಷ್ಟ. ಮನಸಿಗೆ ಬಂದದ್ದು ಏನರ ಬರದು ಕಳಿಸು."

ನಿನ್ನ ನಂಬರಿಗಷ್ಟೇ ಕಳಿಸಿಕೊಂಡು ನೋಡು ಅನ್ನಬೇಕಾಗಿತ್ತು. ಅನ್ನಲಿಲ್ಲ. ಮುದಕಪ್ಪ ಕೂತು ತನ್ನ ಮನಸ್ಸಿನಲ್ಲಿ ಏನಿದೆ ಅಂತ ಹುಡುಕಿದ. ಮನಸ್ಸಿನಲ್ಲಿ ಇದ್ದದ್ದು ಒಂದೇ. ಮುಚ್ಚಿ ಇಡಬಾರದು ಅಂತ ಅವ್ವ ಹೇಳಿದ್ದಾಳೆ. ಟಕಟಕ ಬರೆದ. "ಕಸ್ತೂರಕ್ಕಾ, ಅವ್ವ ದಿನಾ ನಿನ್ನ ಹೆಸರಿಲೆ ಒಂದು ರೊಟ್ಟಿ ಇಡತಾಳ. ನೀ ಬರೂದಿಲ್ಲ, ಆಕಿ ತಿಂತಾಳ. ಪಂಚಮಿಗೆ ಊಟಕ್ಕ ಬಾ." ಗುಂಡಿ ಒತ್ತಿದ. ಸೀರೆ ಅಂಗಡಿಯ ಹೆಸರಿನಲ್ಲಿ ಆ ಮೆಸೇಜು ಗಿರಾಕಿಗಳಿಗೆಲ್ಲ ಹೋಯಿತು.

ಹೋಗುತ್ತಿದೆ ಅಂತ ಖಾತ್ರಿಯಾಯಿತು. ಮುದಕಪ್ಪನಿಗೆ ಖುಷಿಯಾಯಿತು.

ಕಳಕಪ್ಪ ಊಟ ಮುಗಿಸಿ ಬರುವಷ್ಟರಲ್ಲಿ ಆ ಟೂಲಿಗೆ ಜೋಡಿಸಿದ್ದ ಕೋಣೆಯ ಫೋನು ಬಡಿದುಕೊಳ್ಳುತ್ತಿತ್ತು. ನರಗುಂದದಿಂದ ಒಬ್ಬಾಕೆ, "ಕಸ್ತೂರಿ ಬಂದ್ಲೇನ್ರಿ?" ಅಂದಳು. ಕುಷ್ಟಗಿಯಿಂದ ಒಬ್ಬಾಕೆ, "ಸೀರಿ ಮಾರಾಕ ಹಿಂಗ ಅಳಸತೀರೇನು?" ಅಂತ ಬಯ್ದಳು. ರೋಣದ ಹೆಣ್ಣುಮಗಳೊಬ್ಬಳು, "ನನ್ನ ಹೆಸರು ಕಸ್ತೂರಿ ಅಲ್ರಿ. ನಮ್ಮವ್ವ ತೀರಿಕೊಂಡು ವರ್ಷ ಆತು. ಆದ್ರೂ ಇದನ್ನ ಓದಿದ ಮ್ಯಾಲ ತವರಿಗೆ ಹೋಗಬೇಕನಸಾಕತ್ತೈತಿ, ಎಲ್ಲಿಗೆ ಹೋಗಲಿ?" ಅಂದಳು.

ಕಳಕಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ಫೋನನ್ನು ಮುದಕಪ್ಪನ ಕೈಗೇ ಕೊಟ್ಟು ಬುದ್ಧಿ ಹೇಳಿದರು. "ಯಾರ ಫೋನ್ ಮಾಡಲಿ, ಹೆಂಗಾರ ಮಾತಾಡಲಿ, ನೀ ಇಷ್ಟ ಹೇಳು. ‘ಇದು ತಪ್ಪಿ ಬಂದ ಮೆಸೇಜು. ಮನಸಿಗೆ ಹಚ್ಚಿಕೋಬ್ಯಾಡ್ರಿ.’ ಇಷ್ಟ ಹೇಳಿ ಇಡು. ಒಂದ ಮಾತು ಹೆಚ್ಚಿಗಿ ಆಡಬ್ಯಾಡ."

ಹೂಂ ಅಂದ ಮುದಕಪ್ಪ. ತಲೆಯಲ್ಲಿ ಇಟ್ಟುಕೊಂಡ. ಫೋನು ಬಂದಾಗೆಲ್ಲ ಅಷ್ಟೇ ಹೇಳಿದ, ಇಟ್ಟ. ಅಷ್ಟೇ ಹೇಳಿದ, ಇಟ್ಟ. ಕತ್ತಲಾಗುವ ಮುಂಚೆ ಆ ಫೋನನ್ನು ಕಿಸೆಯಲ್ಲಿ ಹಾಕಿಕೊಂಡು ಮನೆಗೆ ಬಂದ.

ನೀಲವ್ವ ರೊಟ್ಟಿ ಬಡಿಯುತ್ತ, "ಇವತ್ತೇನ್ ಮಾಡಿದ್ಯೋ?" ಅಂದಳು. ಮಗ ನಡೆದದ್ದೆಲ್ಲ ಹೇಳಿದ. ಅವಳು ಯಾರೆದುರೂ ಆಡದ ಮಾತು ಸೀರೆ ಅಂಗಡಿಯಿಂದ ಊರೂರಿಗೆ ಹೋಗಿತ್ತು.

"ಯಾರ್‍ಯಾರು ಫೋನ್ ಮಾಡಿದ್ರು?"

"ಭಾಳ ಮಂದಿ ಯವ್ವಾ. ನರಗುಂದದಾಕಿ, ಕುಷ್ಟಗಿಯಾಕಿ, ರೋಣದಾಕಿ. ಕಸ್ತೂರಕ್ಕನೂ ಮಾಡಿದ್ಲು."

ನೀಲವ್ವನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಅಲ್ಲೇ ನಿಂತಿತು. ಇಚಲಕರಂಜಿಯಲ್ಲಿ ಕೂತು ಯಾವತ್ತೋ ಒಂದು ದಿನ ಕಸ್ತೂರಿ ಸಿದ್ರಾಮಪ್ಪನವರ ವೆಬ್‌ಸೈಟಿನಲ್ಲಿ ತನ್ನೂರಿನ ಸೀರೆಗಳನ್ನು ನೋಡಿದ್ದಳು. ಉಡುವ ಆಸೆಯಾಗಿ ಗಿರಾಕಿಗಳ ಚೌಕದಲ್ಲಿ ನಂಬರು ಬರೆದಿದ್ದಳು. ನೀಲವ್ವನಿಗೆ ಆಗ ಅದ್ಯಾವುದೂ ಹೊಳೆಯಲಿಲ್ಲ.

"ಏನಂದ್ಲು?"

"‘ಮುದಕ್ಯಾ, ನೀನ ಏನೋ? ಅವ್ವ ಖರೇನ ಕರದಾಳೇನು?’ ಅಂದ್ಲು."

"ನೀ ಏನಂದಿ?"

"ಇದು ತಪ್ಪಿ ಬಂದ ಮೆಸೇಜು, ಮನಸಿಗೆ ಹಚ್ಚಿಕೋಬ್ಯಾಡ್ರಿ ಅಂದೆ."

"ಆಮ್ಯಾಲ?"

"ನಾ ಫೋನ್ ಇಟ್ಟೆ."

ವರ್ಷಗಟ್ಟಲೆ ನೀಲವ್ವ ದಾರಿ ಕಾದ ಮಗಳು ಬಾಗಿಲವರೆಗೂ ಬಂದಿದ್ದಳು, ಮನೆಯವನೇ ಬಾಗಿಲು ಹಾಕಿದ್ದ. ಅವನನ್ನು ಹಾಗೆ ಬೆಳೆಸಿದ್ದು ಯಾರು, ಆ ಬಾಗಿಲನ್ನು ಮೊದಲು ಹಾಕಿದ್ದು ಯಾರು ಅಂತ ಅವಳಿಗೆ ಗೊತ್ತಿತ್ತು. "ಹಚ್ಚು ಫೋನ" ಅಂದಳು. ಮುದಕಪ್ಪ ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದ. ಎತ್ತಲಿಲ್ಲ.

"ಹಂಗಾರ ಬರದು ಕಳಿಸು. ನಿಮ್ಮ ಸಾಹೇಬ ಹೇಳಿದ್ದು ಬಿಡು. ಈಗ ನನ್ನ ಬಾಯಿಂದ ಬಂದದ್ದು ಒಂದೂ ಬಿಡಬ್ಯಾಡ, ನಿಂದೊಂದೂ ಸೇರಸಬ್ಯಾಡ. ಬರಿ."

ಹೂಂ ಅಂದ ಮುದಕಪ್ಪ. ನೀಲವ್ವ ಒಲೆಯ ಕಡೆ ಮುಖ ಮಾಡಿ ಹೇಳಿದಳು, ಅವನು ಬೆನ್ನ ಹಿಂದೆ ಕೂತು ಬರೆದ. ಅವಳು ನಿಲ್ಲಿಸಿದಾಗ ನಿಲ್ಲಿಸಿದ, ಶುರು ಮಾಡಿದಾಗ ಶುರು ಮಾಡಿದ.

"ಕಳಿಸಿದ್ಯಾ?"

"ಕಳಿಸಿದೆ."

"ಏನ್ ಬರದಿ, ಓದು."

ಮುದಕಪ್ಪ ಓದಿದ. "ಕಸ್ತೂರೀ. ಕಸ್ತೂರಿ ಅಂತ ಬರದೇನು? ಚಲೋ ಅದೀಯೇನು ಅಂತ ಕೇಳು. ಬ್ಯಾಡ, ಹಂಗ ಕೇಳಿದ್ರ ನಾನ ಸೋತಂಗ ಆಕ್ಕೇತಿ. ಮೆಸೇಜು ತಪ್ಪಿ ಬಂದಿದ್ದಿಲ್ಲ ಅಂತ ಬರಿ. ರೊಟ್ಟಿದು ಖರೇನ ಐತಿ. ದಿನಾ ಇಡತೀನಿ ಅಂತ ಬರೀಬ್ಯಾಡ, ಯಾವಾಗರ ಇಡತೀನಿ ಅಂತ ಬರಿ. ನಾ ಅಳತೀನಿ ಅಂತ ಹೇಳಬ್ಯಾಡ ಆಕಿಗೆ. ಮಾರಿ ತೋರಸಬ್ಯಾಡ ಅಂದಿದ್ದೆ, ಅದನ್ನ ಅಳಸಾಕ ಬರತೈತೇನು? ಆಕಿನ್ನ ಅಲ್ಲೋ, ನಿನ್ನ ಕೇಳಾಕತ್ತೀನಿ. ಅಳಿಯಾ ಚಲೋ ನೋಡಕೋತಾನೇನು ಅಂತ ಕೇಳು. ಅಳಿಯಾ ಅಂತನ ಬರಿ. ಹೋಗಲಿ, ಎಲ್ಲಾ ಬಿಡು, ಬಾ ಅಂತ ಅಷ್ಟ ಬರಿ. ಬರದೇನು? ಹೊಗಿ ಕಣ್ಣಿಗೆ ಬಡಿಯಾಕತ್ತೈತಿ. ಕಳಿಸು."

ನೀಲವ್ವ ಒಲೆಯ ಕಡೆಯಿಂದ ಮಗನತ್ತ ತಿರುಗಿದಳು.

"ಎಲ್ಲಾ ಬರದ್ಯಲ್ಲೋ."

"ಒಂದೂ ಬಿಟ್ಟಿಲ್ಲ ಯವ್ವಾ."

"ಹೊಳ್ಳಿ ತಗೋಳಾಕ ಬರತೈತೇನು?"

"ಬರತೈತಿ. ಆಕಿ ಇನ್ನೂ ನೋಡಿಲ್ಲ. ತಗಿಲೇನು?"

ಮುದಕಪ್ಪ ಬೆರಳು ಎತ್ತಿ ಹಿಡಿದು ಅವ್ವನ ಮಾತಿಗಾಗಿ ಕಾದ. ನೀಲವ್ವ ಆ ಬೆರಳನ್ನು ನೋಡಿದಳು. ತೆಗಿ ಅಂದರೆ ತೆಗೆಯುತ್ತಾನೆ, ಬೇಡ ಅಂದರೆ ಬಿಡುತ್ತಾನೆ. ಹೆಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು, ಅವಳು ಅದನ್ನು ಮಗುಚಲಿಲ್ಲ.

"ಇರಲಿ" ಅಂದಳು. "ತಗಿಬ್ಯಾಡ. ಏನರ ಬಂದ್ರೂ ಹೇಳು, ಬರದಿದ್ರೂ ಹೇಳು."

ಹೂಂ ಅಂದ ಮುದಕಪ್ಪ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮಿಟುಕಿಸದೆ ಕೂತ. ನೀಲವ್ವ ಹೊಸ ಉಂಡೆ ಇಟ್ಟು ಬಡಿಯಲು ಶುರು ಮಾಡಿದಳು.

"ಬಂದಿಲ್ಲ ಯವ್ವಾ."

"ಹೂಂ."

ರೊಟ್ಟಿ ತಿರುಗಿತು.

"ಬಂದಿಲ್ಲ ಯವ್ವಾ."

"ಹೂಂ."

"ಈಗೂ ಬಂದಿಲ್ಲ ಯವ್ವಾ."

ಬೇರೆ ದಿನವಾಗಿದ್ದರೆ ಸಾಕು ಮಾಡೋ ಪೆದ್ದಾ ಅಂತ ಅವಳು ಊದುಗೊಳವೆ ಎತ್ತುತ್ತಿದ್ದಳು. ಆ ಸಂಜೆ ಪ್ರತಿ ಸಲವೂ ಹೂಂ ಅಂದಳು. ಬಂದಿಲ್ಲ ಅನ್ನುವ ಮಾತನ್ನು ತನ್ನ ಜೊತೆ ಇನ್ನೊಬ್ಬರು ಬಾಯಿಬಿಟ್ಟು ಆಡುವುದು ಅವಳಿಗೆ ಒಂದು ಥರದ ಆಸರೆಯೇ ಆಯಿತು.

"ನೋಡಿದ್ಲು ಯವ್ವಾ" ಅಂದ ಮುದಕಪ್ಪ.

ನೀಲವ್ವ ಬಡಿಯುವುದನ್ನು ನಿಲ್ಲಿಸಿದಳು.

"ಬರಿಯಾಕತ್ತಾಳಂತ ತೋರಸಾಕತ್ತೈತಿ. ನಿಲ್ಲಿಸಿದ್ಲು. ಮತ್ತ ಬರಿಯಾಕತ್ತಾಳ. ಮತ್ತ ನಿಲ್ಲಿಸಿದ್ಲು ಯವ್ವಾ. ಬರೀತಾಳ, ನಿಲ್ಲಸತಾಳ. ಯಾಕ ಹಂಗ ಮಾಡಾಕತ್ತಾಳ?"

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗಳು ಈಗ ಏನು ಬರೆಯುತ್ತಿದ್ದಾಳೆ, ಏನು ಅಳಿಸುತ್ತಿದ್ದಾಳೆ ಅಂತ ಅವಳಿಗೆ ಮಾತು ಮಾತೂ ಗೊತ್ತಿತ್ತು.

"ಬರೀಲಿ ಬಿಡು. ಆಕಿಗೆ ನಿನ್ನಂಥಾ ಟೈಪು ಮಾಡಾಂವ ಸಿಕ್ಕಿಲ್ಲ" ಅಂದಳು.